ಮನೆಯ ಗದರಿಕೆ, ಓರಗೆಯವರ ಒಡನಾಟ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದ ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ 1970ರಲ್ಲಿ ಹೊರಬಂತು. ನುಗ್ಗೇಹಳ್ಳಿಯೂ ಸೇರಿದ ಆ ಸೀಮೆಯ ಬದುಕೇ ಕಾದಂಬರಿಯ ನೆಲ. ವಿಧವೆ ಗಂಗಮ್ಮ ಬೈಗುಳದಲ್ಲೇ ಇಬ್ಬರು ಗಂಡುಮಕ್ಕಳನ್ನು ಬೆಳೆಸುತ್ತಾಳೆ. ಅವರು ತಾಯಿಯ ಬಾಯಿಯನ್ನೂ ಕಲಿತು ಮೈಗಳ್ಳರೂ ಆಗುತ್ತಾರೆ. ಸೊಸೆ ನಂಜಮ್ಮ ಗಂಡನ ಶ್ಯಾನುಭೋಗಿಕೆಯ ಲೆಕ್ಕ ತಾನೇ ಬರೆದು ಸಂಸಾರ ತೂಗಿಸುತ್ತಾಳೆ. ಪ್ಲೇಗಿನಿಂದ ಮನೆ ಒಡೆದಾಗ ಬಾಲಕ ವಿಶ್ವನ ಕೈ ಹಿಡಿಯುವವರು ರಕ್ತಸಂಬಂಧವೇ ಇಲ್ಲದ ಮಹಾದೇವಯ್ಯ. ಮಗುವನ್ನು ರೂಪಿಸುವವರು ಯಾರು? ಮನೋವಿಜ್ಞಾನಿಗಳು ಈ ಪ್ರಶ್ನೆಗೆ ಕೊಟ್ಟ ಉತ್ತರ ಕಳೆದ ಮುಕ್ಕಾಲು ಶತಮಾನದಲ್ಲಿ ಹಲವು ಸಲ ಬದಲಾಗಿದೆ.

ಮೊದಲ ಉತ್ತರ ತಾಯಿ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದ ಜಾನ್ ಬೌಲ್ಬಿ, ಎಳೆಯ ವಯಸ್ಸಿನಲ್ಲಿ ತಾಯಿಯ ಅಥವಾ ಆಕೆಯ ಸ್ಥಾನದಲ್ಲಿರುವವರ ನಿರಂತರ ಮಮತೆ ಸಿಗದ ಮಗುವಿನ ಮನಸ್ಸಿಗೆ ಪೆಟ್ಟು ಬೀಳುತ್ತದೆ ಎಂದರು. ಅವರ ಜೊತೆ ಕೆಲಸ ಮಾಡಿದ್ದ ಮೇರಿ ಏನ್ಸ್‌ವರ್ತ್ ಉಗಾಂಡದ ಹಳ್ಳಿಗಳಲ್ಲಿ ತಾಯಿ-ಮಕ್ಕಳನ್ನು ಗಮನಿಸಿ 1967ರಲ್ಲಿ ಪುಸ್ತಕ ಪ್ರಕಟಿಸಿದರು.

ಆ ಹೊತ್ತಿಗೆ ಅಮೆರಿಕದ ಬರ್ಕ್ಲಿಯಲ್ಲಿ ಡಯಾನಾ ಬಾಮ್‌ರಿಂಡ್ ಬೇರೊಂದು ದಾರಿ ಹಿಡಿದಿದ್ದರು. ಶಿಶುವಿಹಾರದ ಮಕ್ಕಳನ್ನೂ ಅವರ ಮನೆಗಳನ್ನೂ ಗಮನಿಸಿ, ಪಾಲನೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ಹೇಳಿದ್ದನ್ನು ಕೇಳಲೇಬೇಕೆನ್ನುವ ದರ್ಪದ ಪಾಲನೆ, ಕೇಳಿದ್ದಕ್ಕೆಲ್ಲ ಹೂಂ ಎನ್ನುವ ಸಡಿಲ ಪಾಲನೆ, ಕಟ್ಟುನಿಟ್ಟಿನ ಜೊತೆಗೆ ಕಾರಣವನ್ನೂ ತಿಳಿಸಿ ಹೇಳುವ ಹದದ ಪಾಲನೆ. 1983ರಲ್ಲಿ ಎಲೀನರ್ ಮ್ಯಾಕೊಬಿ ಮತ್ತು ಜಾನ್ ಮಾರ್ಟಿನ್ ನಾಲ್ಕನೆಯದನ್ನು ಸೇರಿಸಿದರು: ಮಗುವಿನ ಗೊಡವೆಗೇ ಹೋಗದ ನಿರ್ಲಕ್ಷ್ಯ. ಬಾಮ್‌ರಿಂಡ್ ಕಂಡಂತೆ ಹದದ ಪಾಲನೆಯ ಮಕ್ಕಳಲ್ಲಿ ಸ್ವಂತ ನಿಲುವೂ ಸಂಯಮವೂ ಹೆಚ್ಚು.

ಈ ಪಟ್ಟಿ ಎಲ್ಲ ಊರಿಗೂ ಒಪ್ಪುತ್ತದೆಯೇ? 1994ರಲ್ಲಿ ರೂತ್ ಚಾವೊ, ಚೀನೀ ಮೂಲದ ತಾಯಂದಿರ ಬಿಗಿಯಲ್ಲಿ ದರ್ಪಕ್ಕಿಂತ ಮಗುವನ್ನು ತಿದ್ದಿ ತರಬೇತುಗೊಳಿಸುವ ಕಾಳಜಿ ಇದೆ ಎಂದು ತೋರಿಸಿದರು. ಹಾಗೆಂದು ಏಟಿಗೆ ರಿಯಾಯಿತಿ ಸಿಗಲಿಲ್ಲ. ಜೆನಿಫರ್ ಲ್ಯಾನ್ಸ್‌ಫರ್ಡ್ ತಂಡ ಭಾರತವೂ ಸೇರಿ ಆರು ದೇಶಗಳಲ್ಲಿ ನಡೆಸಿದ ಅಧ್ಯಯನ 2005ರಲ್ಲಿ ಬಂತು: ಹೊಡೆತ ಮಾಮೂಲಾಗಿರುವ ಕಡೆ ಅದರ ದುಷ್ಪರಿಣಾಮ ಕೊಂಚ ಕಡಿಮೆ ಕಂಡರೂ, ಹೆಚ್ಚು ಏಟು ತಿಂದ ಮಕ್ಕಳಲ್ಲಿ ಆಕ್ರಮಣಶೀಲತೆಯೂ ಆತಂಕವೂ ಎಲ್ಲ ಕಡೆ ಹೆಚ್ಚು. ಅದೇ ವರ್ಷ ಪ್ರಕಟವಾದ ಬೆಂಗಳೂರು ಸಮೀಕ್ಷೆಯಲ್ಲಿ ಶೋಭಾ ಶ್ರೀನಾಥ್ ಮತ್ತು ಸಂಗಡಿಗರು 16 ವರ್ಷದವರೆಗಿನ 2,064 ಮಕ್ಕಳನ್ನು ಪರೀಕ್ಷಿಸಿದ್ದರು. ನಗರದ ಮಧ್ಯಮವರ್ಗ, ಕೊಳೆಗೇರಿ, ಹಳ್ಳಿ ಎಂಬ ಭೇದ ಹೆಚ್ಚೇನೂ ಕಾಣಲಿಲ್ಲ. ದೈಹಿಕ ಹಿಂಸೆಗೂ ಹೆತ್ತವರ ಮಾನಸಿಕ ಕಾಯಿಲೆಗೂ ಮಕ್ಕಳ ಮನೋರೋಗಕ್ಕೂ ನಂಟು ಕಂಡಿತು.

ಓರಗೆಯವರ ಕಡೆಯ ಸಂಶೋಧನೆ ಇದಕ್ಕಿಂತ ಹಳೆಯದು. ಜೀನ್ ಪಿಯಾಜೆ 1932ರಲ್ಲಿ ಸ್ವಿಟ್ಜರ್ಲೆಂಡಿನ ಹುಡುಗರು ಗೋಲಿಯಾಡುವುದನ್ನು ನೋಡಿ, ನಿಯಮವನ್ನು ತಾವೇ ಒಪ್ಪಿ ತಾವೇ ಬದಲಿಸಬಹುದೆಂಬ ಅರಿವು ಸಮವಯಸ್ಕರ ನಡುವೆ ಬೆಳೆಯುತ್ತದೆ ಎಂದಿದ್ದರು. ಲಗೋರಿಯಲ್ಲಿ ಯಾರು ಔಟು ಎಂದು ಜಗಳವಾಡಿ ರಾಜಿಯಾದ ಯಾರಿಗೂ ಈ ಮಾತು ಹೊಸದಲ್ಲ. 1995ರಲ್ಲಿ ಜೂಡಿತ್ ರಿಚ್ ಹ್ಯಾರಿಸ್ ಇನ್ನೂ ಮುಂದೆ ಹೋದರು: ಮಕ್ಕಳ ವ್ಯಕ್ತಿತ್ವಕ್ಕೆ ಅಪ್ಪ-ಅಮ್ಮನ ನಡವಳಿಕೆಗಿಂತ ಗೆಳೆಯರ ಗುಂಪೇ ದೊಡ್ಡ ಅಚ್ಚು. ವಲಸಿಗರ ಮಕ್ಕಳು ಹೆತ್ತವರ ಉಚ್ಚಾರ ಬಿಟ್ಟು ಬೀದಿಯ ಉಚ್ಚಾರ ಹಿಡಿಯುವುದು ಅವರ ಬಲವಾದ ಸಾಕ್ಷಿ. ತಮಿಳು, ತೆಲುಗು ಮನೆಮಾತಿನ ಮಕ್ಕಳು ಓರಗೆಯವರ ಕನ್ನಡವನ್ನೇ ಆಡುವ ಬೆಂಗಳೂರಿನ ಬೀದಿಗಳಲ್ಲೂ ಅದು ಕೇಳಿಸುತ್ತದೆ. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯಲ್ಲೂ ಇಂಥದೊಂದು ಪ್ರಸಂಗವಿದೆ: ಬಂಧು ಹುಡುಗನ ಮಾತು ಕೇಳಿ ಹೈಸ್ಕೂಲು ಬಿಟ್ಟು ಅಲೆಯುತ್ತ ಮುಂಬಯಿಗೆ ಹೋದ ಅವರು ಅಲ್ಲಿ ರೈಲ್ವೆ ಕೂಲಿಯಾಗಿ ದುಡಿದರು.

ಹ್ಯಾರಿಸ್ ವಾದಕ್ಕೆ 2000ದಲ್ಲಿ ಆಂಡ್ರ್ಯೂ ಕಾಲಿನ್ಸ್, ಮ್ಯಾಕೊಬಿ ಮೊದಲಾದವರು ಉತ್ತರ ಕೊಟ್ಟರು. ಯಾವ ಬೀದಿಯಲ್ಲಿ ವಾಸ, ಯಾವ ಶಾಲೆ, ಯಾರ ಸಂಗಡ ಆಟ ಎಂಬುದನ್ನು ಬಹುಪಾಲು ಹೆತ್ತವರೇ ತೀರ್ಮಾನಿಸುತ್ತಾರೆ; ಆದ್ದರಿಂದ ಎರಡು ಪ್ರಭಾವಗಳನ್ನು ಬಿಡಿಸಿ ತೂಗಲಾಗದು. ಅಜ್ಜಿ, ಅತ್ತೆ, ಅಕ್ಕಂದಿರು ಮಗುವನ್ನು ಎತ್ತಾಡಿಸುವ, ಚಿಕ್ಕಪ್ಪನ ಮಕ್ಕಳೇ ಗೆಳೆಯರೂ ಆಗುವ ಹಾಸನದ ಹಳ್ಳಿಗಳಿಗೆ ಈ ತಿದ್ದುಪಡಿ ಬಾಮ್‌ರಿಂಡ್ ಪಟ್ಟಿಗಿಂತ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ಮನೆ ಮುಗಿದು ಓರಗೆ ಶುರುವಾಗುವ ಗೆರೆಯನ್ನು ಎಳೆಯುವುದೇ ಕಷ್ಟ.

ಕರ್ನಾಟಕದಲ್ಲಿ ಈ ಗೆರೆಯನ್ನು ಸರ್ಕಾರಿ ಯೋಜನೆಗಳೂ ಅಳಿಸುತ್ತ ಬಂದಿವೆ. 1975ರಲ್ಲಿ ತಿ. ನರಸೀಪುರದಿಂದ ಶುರುವಾದ ಅಂಗನವಾಡಿ ಪುಟ್ಟ ಮಕ್ಕಳಿಗೆ ಓರಗೆಯ ಗುಂಪನ್ನು ಒದಗಿಸಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಬೋಧನಾ ಕ್ರಮದಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಗೊತ್ತಿದ್ದವರು ಗೊತ್ತಿಲ್ಲದವರಿಗೆ ಹೇಳಿಕೊಡುತ್ತಾರೆ. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. 2010ರ ಏಪ್ರಿಲ್ 1ರಂದು ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ಬೆತ್ತವನ್ನು ನಿಷೇಧಿಸಿತು. ಮನೆಯ ಬೆತ್ತ ಅದರ ಕೈಗೆ ಎಟುಕಲಿಲ್ಲ. ‘ಕೂಸಿನ ಮನೆ’ 2023ರಲ್ಲಿ ಘೋಷಣೆಯಾದದ್ದು ನರೇಗಾ ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳನ್ನು ಪಂಚಾಯಿತಿಯಲ್ಲೇ ನೋಡಿಕೊಳ್ಳಲೆಂದು. ಅಲ್ಲಿ ಆರೈಕೆ ಮಾಡುವವರು ಊರಿನ ಹೆಂಗಸರೇ. ಬೌಲ್ಬಿ ಕೇಳಿದ ನಿರಂತರ ಮಮತೆ, ಹ್ಯಾರಿಸ್ ಎತ್ತಿಹಿಡಿದ ಓರಗೆಯ ಗುಂಪು ಎರಡೂ ಆ ಕೂಸುಗಳಿಗೆ ನಡಿಗೆ ಕಲಿಯುವ ವಯಸ್ಸಿನಲ್ಲೇ ಒಂದೇ ಕೋಣೆಯಲ್ಲಿ ಸಿಗಬೇಕಿದೆ.