ರಕ್ತ ಹೀರುವ ಪ್ರೇಮಿ ಮತ್ತು ಶೃಂಗೇರಿ ಸೀಮೆ

ಏನಿದು ಈ ಬಗೆಯ ಚಿತ್ರ?

ಸತ್ತೂ ಸಾಯದ, ನೆತ್ತರನ್ನೇ ಉಂಡು ಬದುಕುವ ವ್ಯಾಂಪೈರ್ ಇಂದಿನ ಕಾಲದ ಊರೊಂದಕ್ಕೆ ಬಂದು ಜೀವಂತ ಮನುಷ್ಯರಲ್ಲಿ ಮನಸ್ಸಿಡುತ್ತದೆ. ಕಚ್ಚಬೇಕೆಂಬ ಹಸಿವು ಒಂದು ಕಡೆ, ಕಚ್ಚಬಾರದೆಂಬ ಪ್ರೀತಿ ಇನ್ನೊಂದು ಕಡೆ. ಈ ಬಗೆಯ ಚಿತ್ರಗಳೆಲ್ಲ ನಿಂತಿರುವುದು ಈ ತಿಕ್ಕಾಟದ ಮೇಲೆ.

ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ಕಾದಂಬರಿಯ ಕೌಂಟ್ ಹಗಲಿನಲ್ಲೂ ಓಡಾಡಬಲ್ಲ. ಬಿಸಿಲು ತಾಗಿದರೆ ಸಾವು ಎಂಬ ಕಟ್ಟಳೆಯನ್ನು ತಂದದ್ದು 1922ರ ಜರ್ಮನ್ ಮೂಕಿಚಿತ್ರ ‘ನೊಸ್‌ಫೆರಾಟು’. ಸ್ಟೆಫನಿ ಮೆಯರ್ ಕಾದಂಬರಿಯನ್ನು ಆಧರಿಸಿ ಕ್ಯಾಥರೀನ್ ಹಾರ್ಡ್‌ವಿಕ್ ನಿರ್ದೇಶಿಸಿದ ‘ಟ್ವೈಲೈಟ್’ (2008) ಅದನ್ನೂ ಬದಲಿಸಿತು. ಅಲ್ಲಿ ಬಿಸಿಲಿಗೆ ಬಂದ ವ್ಯಾಂಪೈರ್ ಸುಡುವುದಿಲ್ಲ, ಮಿನುಗುತ್ತದೆ. ಗುಟ್ಟು ಬಯಲಾಗದಿರಲೆಂದು ಅದರ ಕುಟುಂಬ ಸದಾ ಮೋಡ ಕವಿದಿರುವ, ಮಳೆಯ ಊರಾದ ಅಮೆರಿಕದ ಫೋರ್ಕ್ಸ್‌ನಲ್ಲಿ ನೆಲೆಸಿದೆ.

ಮಳೆಯುಂಟು, ಗೋರಿಯಿಲ್ಲ

ಮೋಡವೇ ಬೇಕಿದ್ದರೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳಲ್ಲಿ ಅದಕ್ಕೇನು ಬರ? ಫೋರ್ಕ್ಸ್‌ನಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆಯಾದರೆ, ಶೃಂಗೇರಿಗೆ ಹತ್ತಿರದ ಆಗುಂಬೆಯಲ್ಲಿ 7,000 ದಾಟುತ್ತದೆ. ಆದರೂ ಇಲ್ಲಿನ ಕಥೆಗಳಲ್ಲಿ ಶವಪೆಟ್ಟಿಗೆಯ ಮುಚ್ಚಳ ಸರಿಸಿ ಏಳುವ ಪ್ರೇಮಿ ಹುಟ್ಟಲಿಲ್ಲ. ನನಗೆ ತೋಚುವ ಕಾರಣ ಸರಳ: ಯುರೋಪಿನ ವ್ಯಾಂಪೈರ್‌ಗೆ ಅದರದೇ ದೇಹ ಮಣ್ಣಿನಡಿ ಉಳಿದಿರಬೇಕು. ಇಲ್ಲಿ ಬಹುಪಾಲು ಮನೆಗಳಲ್ಲಿ ಹೆಣ ಸುಡುತ್ತಾರೆ. ಹೂಳುವ ಸಮುದಾಯಗಳೂ ಇವೆ, ನಿಜ, ಸನ್ಯಾಸಿಗಳನ್ನೂ ಸುಡುವುದಿಲ್ಲ. ಆದರೆ ತುಂಗೆಯ ಆಚೆ ದಡದ ನರಸಿಂಹವನದಲ್ಲಿರುವ ಶೃಂಗೇರಿ ಜಗದ್ಗುರುಗಳ ಅಧಿಷ್ಠಾನಗಳು ಜನ ಕೈಮುಗಿಯುವ ಜಾಗಗಳು, ಬೆಚ್ಚುವ ಜಾಗಗಳಲ್ಲ.

ದೇಹ ಬೂದಿಯಾದ ಮೇಲೆ ಅತೃಪ್ತ ಆಸೆಗೆ ಉಳಿಯುವ ದಾರಿ ಒಂದೇ, ಇನ್ನೊಬ್ಬರ ಮೈ ಹೊಗುವುದು. ನಮ್ಮ ಕಥೆಗಳು ಹಿಡಿದದ್ದು ಆ ದಾರಿಯನ್ನು.

ಅಮರುಕನ ದೇಹ

ಶೃಂಗೇರಿಯ ಪರಂಪರೆಗೆ ಸೇರಿದ ‘ಮಾಧವೀಯ ಶಂಕರವಿಜಯ’ದಲ್ಲಿ ಇದರ ಅತ್ಯಂತ ಪ್ರಸಿದ್ಧ ಪ್ರಸಂಗವಿದೆ. ಮಂಡನಮಿಶ್ರರ ಪತ್ನಿ ಉಭಯಭಾರತಿ ಶಂಕರಾಚಾರ್ಯರೊಡನೆ ವಾದದ ನಡುವೆ ಕಾಮಶಾಸ್ತ್ರದ ಪ್ರಶ್ನೆ ಕೇಳುತ್ತಾಳೆ. ಬ್ರಹ್ಮಚರ್ಯದಿಂದ ನೇರ ಸನ್ಯಾಸಕ್ಕೆ ಬಂದ ಶಂಕರರು ಕಾಲಾವಕಾಶ ಪಡೆದು, ತಮ್ಮ ದೇಹವನ್ನು ಶಿಷ್ಯರ ಕಾವಲಿನಲ್ಲಿಟ್ಟು, ಆಗಷ್ಟೇ ಸತ್ತ ಅಮರುಕ ರಾಜನ ದೇಹವನ್ನು ಹೊಗುತ್ತಾರೆ. ಸತ್ತವನು ಎದ್ದು ಕೂರುತ್ತಾನೆ, ಅಂತಃಪುರಕ್ಕೆ ಸಂಭ್ರಮ. ಮಂತ್ರಿಗಳಿಗೆ ಮಾತ್ರ ಒಳಗಿರುವವರು ಬೇರೆ ಯಾರೋ ಎಂಬ ಅನುಮಾನ. ಇಷ್ಟು ಒಳ್ಳೆಯ ಅರಸ ಕೈತಪ್ಪಬಾರದೆಂದು, ರಾಜ್ಯದಲ್ಲಿ ಎಲ್ಲಿ ನಿರ್ಜೀವ ದೇಹ ಕಂಡರೂ ಸುಟ್ಟುಬಿಡಿ ಎಂದು ಆಜ್ಞೆ ಹೊರಡಿಸುತ್ತಾರೆ. ಕಥೆಯ ಉಸಿರು ಬಿಗಿಹಿಡಿಯುವ ಘಟ್ಟವೇ ಇದು. ಚಿತ್ರಕಥೆ ಬರೆಯುವವರು ಕಲಿಯಬೇಕಾದ ಜಾಗ. ಗಾಯಕರ ವೇಷದಲ್ಲಿ ಅರಮನೆ ಸೇರಿದ ಶಿಷ್ಯರು ಗುರುವಿಗೆ ತಾನಾರೆಂಬುದನ್ನು ಹಾಡಿ ನೆನಪಿಸುತ್ತಾರೆ. ಉಭಯಭಾರತಿಯೇ ಶಾರದೆಯಾಗಿ ಶೃಂಗೇರಿಯಲ್ಲಿ ನೆಲೆಸಿದಳೆಂಬುದು ನಂಬಿಕೆ.

ಸಿಂಹನಗದ್ದೆಯ ಯಕ್ಷಿ

ಮೈ ಹೊಕ್ಕದ್ದನ್ನು ಬಿಡಿಸುವ ಕಥೆಯೂ ಈ ಸೀಮೆಗೆ ಅಂಟಿಕೊಂಡಿದೆ. ನರಸಿಂಹರಾಜಪುರದ ಸಿಂಹನಗದ್ದೆ ಬಸದಿಯ ಜ್ವಾಲಾಮಾಲಿನಿ ಎಂಟನೆಯ ತೀರ್ಥಂಕರ ಚಂದ್ರಪ್ರಭರ ಯಕ್ಷಿ. ಇಂದ್ರನಂದಿ ಕ್ರಿ.ಶ. 939ರಲ್ಲಿ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ ಮುಗಿಸಿದ ‘ಜ್ವಾಲಾಮಾಲಿನೀಕಲ್ಪ’ದ ಪ್ರಕಾರ, ಹೇಲಾಚಾರ್ಯರ ಶಿಷ್ಯೆ ಕಮಲಶ್ರೀಗೆ ಬ್ರಹ್ಮರಾಕ್ಷಸ ಹಿಡಿದಿತ್ತು. ಅದನ್ನು ಬಿಡಿಸಲು ಆಚಾರ್ಯರು ನೀಲಗಿರಿಯಲ್ಲಿ ಈ ದೇವಿಯನ್ನು ಒಲಿಸಿಕೊಂಡರು. ಡ್ರಾಕುಲಾ ಕಥೆಯಲ್ಲಿ ಶಿಲುಬೆ, ಬೆಳ್ಳುಳ್ಳಿ ಹಿಡಿದು ಬರುವ ವ್ಯಾನ್ ಹೆಲ್ಸಿಂಗ್‌ಗಿಂತ ಒಂಬತ್ತೂವರೆ ಶತಮಾನ ಹಿಂದಿನ ಮಾತು.

ನಿಜವಾಗಿ ನೆತ್ತರು ಹೀರುವವು

ರಕ್ತವನ್ನೇ ಕುಡಿಯುವ ಬಾವಲಿಯ ಮೂರು ಜಾತಿಗಳೂ ಅಮೆರಿಕ ಖಂಡಗಳಲ್ಲಷ್ಟೇ ಇವೆ. ಕೊಪ್ಪದ ತೋಟಗಳಿಗೆ ಬರುವ ಬಾವಲಿಗೆ ಬೇಕಾದದ್ದು ಹಣ್ಣಡಕೆಯ ಸಿಪ್ಪೆ. ಅದು ಚೀಪಿ ಬೀಳಿಸಿದ ಅಡಕೆಯನ್ನು ಬೆಳಗ್ಗೆ ಹೆಕ್ಕಿಕೊಳ್ಳಬಹುದು. ಮಳೆಗಾಲದ ಇಂಬಳ ನೆತ್ತರು ಕುಡಿದು, ಹೊಟ್ಟೆ ತುಂಬಿದೊಡನೆ ತಾನೇ ಉದುರುತ್ತದೆ. ಹೆದರಬೇಕಾದದ್ದು ಉಣುಗಿಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಅದೇ, ಮತ್ತು ಆ ಕಾಯಿಲೆ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಿಗೂ ಕಾಲಿಟ್ಟಿದೆ.

‘ಥಾಮಾ’: ಬೇತಾಳನ ಹೊಸ ವೇಷ

ಭಾರತೀಯ ಚಿತ್ರವೊಂದು ಗೋರಿಯ ತೊಡಕನ್ನು ದಾಟಿದ್ದು ‘ಚಂದಮಾಮ’ದ ಓದುಗರಿಗೆಲ್ಲ ಪರಿಚಿತನಾದ ಬೇತಾಳನ ಹೆಗಲೇರಿ. ಆದಿತ್ಯ ಸರ್ಪೋತ್‌ದಾರ್ ನಿರ್ದೇಶಿಸಿದ ಹಿಂದಿಯ ‘ಥಾಮಾ’ 2025ರ ಅಕ್ಟೋಬರ್‌ನಲ್ಲಿ ತೆರೆಕಂಡಿತು. ಆಯುಷ್ಮಾನ್ ಖುರಾನಾ ಪತ್ರಕರ್ತ. ‘ಕಿರಿಕ್ ಪಾರ್ಟಿ’ಯಿಂದ (2016) ಚಿತ್ರರಂಗಕ್ಕೆ ಬಂದ ಕೊಡಗಿನ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಅವನನ್ನು ಪ್ರೀತಿಸುವ ಬೇತಾಳ ಕುಲದ ತಾಡಕಾ. ದೇಶವಿಭಜನೆಯ ರಕ್ತಪಾತ ಕಂಡು ಈ ಕುಲ ಮನುಷ್ಯರ ನೆತ್ತರನ್ನೇ ತೊರೆದಿದೆ ಎಂಬುದು ಚಿತ್ರದ ಅತ್ಯಂತ ಚುರುಕಾದ ಕಲ್ಪನೆ. ಉಳಿದ ಗದ್ದಲ, ಹಾಡು, ಹೊಡೆದಾಟಗಳ ನಡುವೆ ಅದು ಇನ್ನಷ್ಟು ಬೆಳೆಯಬೇಕಿತ್ತು.

ಕನ್ನಡದ ಪರದೆಯಲ್ಲಿ

ವಿಜಯ್ ನಿರ್ದೇಶಿಸಿದ ‘ನಾ ನಿನ್ನ ಬಿಡಲಾರೆ’ (1979) ಮೈ ಹೊಗುವ ದಾರಿಯದ್ದೇ ಚಿತ್ರ. ಪ್ರೇತ ಅಂಟುವುದು ನಾಯಕ ಅನಂತನಾಗ್‌ಗೆ, ಬಿಡಿಸಲು ಹೋರಾಡುವವಳು ಹೆಂಡತಿ ಲಕ್ಷ್ಮಿ, ಕಾಯುವವರು ಮಂತ್ರಾಲಯದ ರಾಯರು.

ಆದರೆ ವ್ಯಾಂಪೈರ್ ಪ್ರೇಮಕಥೆಗೆ ನಿಜವಾಗಿ ಸಮೀಪ ನಿಲ್ಲುವುದು ಗಿರೀಶ ಕಾರ್ನಾಡರ ನಾಟಕ ಆಧರಿಸಿ ಟಿ.ಎಸ್. ನಾಗಾಭರಣ ತೆಗೆದ ‘ನಾಗಮಂಡಲ’ (1997). ಕಾಲ ಇಂದಿನದಲ್ಲ, ನೆತ್ತರ ದಾಹವೂ ಇಲ್ಲ, ಉಳಿದದ್ದೆಲ್ಲ ಇದೆ. ವಿಷದ ಹಲ್ಲಿರುವ ಪ್ರೇಮಿ ಇರುಳಲ್ಲಷ್ಟೇ ಬರುತ್ತಾನೆ, ಅದೂ ನಾಯಕಿ ರಾಣಿಯ ಗಂಡನ ರೂಪ ತೊಟ್ಟು. ಎರಡೂ ಪಾತ್ರ ಪ್ರಕಾಶ್ ರೈ ಅವರದೇ. ಹಗಲಿನ ಗಂಡ ಬಾಗಿಲಿಗೆ ಬೀಗ ಜಡಿದು ಹೋಗುತ್ತಾನೆ, ಇರುಳಿನ ಹಾವು ಮಾತಾಡಿಸುತ್ತದೆ. ಶೀಲದ ಪರೀಕ್ಷೆಗೆಂದು ಪಂಚರ ಮುಂದೆ ಹುತ್ತಕ್ಕೆ ಕೈಯಿಟ್ಟು ಆಣೆ ಮಾಡುವ ರಾಣಿಯನ್ನು ಅದು ಕಚ್ಚುವುದಿಲ್ಲ. ಅವಳು ಆಡುವ ಆಣೆಯ ಮಾತಿನಲ್ಲಿ ಸುಳ್ಳೂ ಇಲ್ಲ: ಗಂಡನನ್ನೂ ಈ ನಾಗರನನ್ನೂ ಬಿಟ್ಟು ಬೇರಾರನ್ನೂ ಅವಳು ಮುಟ್ಟಿಲ್ಲ.