ಮೋಹನ ನಗರದಿಂದ ಕೋಟ್ಲಾದವರೆಗೆ: ಕ್ರೀಡಾನಾಯಕತ್ವದ ಒಂದು ಅಧ್ಯಾಯ

ಅರಸರ ಹಾಗೂ ಕಾಳಗಗಳ ಚರಿತ್ರೆಯನ್ನು ಬರೆಯುವವರು ಆಟದ ಬಯಲನ್ನು ತಮ್ಮ ವಿಷಯವೆಂದು ಭಾವಿಸುವುದು ವಿರಳ. ಆದರೂ ಒಂದು ನಾಡು ತನ್ನ ಪ್ರತಿಭೆಯನ್ನು ಹೇಗೆ ಕೂಡಿಸಿಕೊಳ್ಳುತ್ತದೆ, ಅದನ್ನು ಮುನ್ನಡೆಸುವವನು ಎಂಥವನಾಗಿರಬೇಕು, ಅವನು ಸರಿದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆಗಳಿಗೆ ಆಟದ ಬಯಲು ಕೊಡುವಷ್ಟು ನೇರವಾದ ಉತ್ತರವನ್ನು ದರ್ಬಾರುಗಳು ಕೊಡಲಾರವು. ದೆಹಲಿಯ ಕನ್ನಡಿಗರಿಗಂತೂ ಈ ವಿಚಾರ ದೂರದ್ದಲ್ಲ. 1977-78ರಿಂದ 1981-82ರವರೆಗಿನ ಐದು ಋತುಗಳಲ್ಲಿ ಕರ್ನಾಟಕವು ರಣಜಿ ಟ್ರೋಫಿಯ ಎರಡು ಅಂತಿಮ ಪಂದ್ಯಗಳನ್ನು ಈ ರಾಜಧಾನಿಯ ಆಸುಪಾಸಿನಲ್ಲಿಯೇ ಆಡಿತು. ಒಂದನ್ನು ಗೆದ್ದಿತು, ಇನ್ನೊಂದನ್ನು ಸೋತಿತು. ಗೆಲವಿಗಿಂತ ಸೋಲೇ ಹೆಚ್ಚು ಬೋಧಪ್ರದವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮೂಲದಿಂದ ಆರಂಭಿಸುವುದು ಉಚಿತ. 1934ರ ನವೆಂಬರ್ 4ರಂದು ಮದರಾಸಿನ ಚೆಪಾಕಿನಲ್ಲಿ ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯ ನಡೆದಾಗ ಆಡಿದ ತಂಡಗಳಲ್ಲಿ ಮೈಸೂರು ಒಂದು. ಅದು 48 ಹಾಗೂ 59 ರನ್ನುಗಳಿಗೆ ಕುಸಿದು ಒಂದೇ ದಿನದಲ್ಲಿ ಸೋತಿತು. 1941-42ರಲ್ಲಿಯೂ 1959-60ರಲ್ಲಿಯೂ ಅಂತಿಮ ಪಂದ್ಯದವರೆಗೆ ಬಂದು, ಎರಡು ಸಲವೂ ಬೊಂಬಾಯಿಗೆ ಶರಣಾಯಿತು. 1958-59ರಿಂದ ಹದಿನೈದು ವರ್ಷ ಬೊಂಬಾಯಿಯನ್ನು ಪದಚ್ಯುತಗೊಳಿಸಲು ಯಾರಿಂದಲೂ ಆಗಲಿಲ್ಲ. 1973ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ಅದೇ ಋತುವಿನಲ್ಲಿ ಎರಾಪಳ್ಳಿ ಪ್ರಸನ್ನರ ನಾಯಕತ್ವದ ತಂಡವು ಬೆಂಗಳೂರಿನ ಉಪಾಂತ್ಯ ಪಂದ್ಯದಲ್ಲಿ ಬೊಂಬಾಯಿಯನ್ನು ಹಿಂದಿಕ್ಕಿ, ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಪ್ರಥಮ ಬಾರಿಗೆ ಟ್ರೋಫಿಯನ್ನು ನಾಡಿಗೆ ತಂದಿತು.

ಇದನ್ನು ಒಬ್ಬ ನಾಯಕನ ಮಹಿಮೆಯೆಂದು ಹೇಳಿ ಮುಗಿಸುವುದು ಸುಲಭ. ಆದರೆ ಸತ್ಯ ಅಷ್ಟು ಸರಳವಲ್ಲ. ಪ್ರಸನ್ನರು 1962ರಲ್ಲಿ ವೆಸ್ಟ್ ಇಂಡೀಸಿನಿಂದ ಮರಳಿದ ಬಳಿಕ ಇಂಜಿನಿಯರಿಂಗ್ ವ್ಯಾಸಂಗದ ನಿಮಿತ್ತ ಐದು ವರ್ಷ ಟೆಸ್ಟ್ ಆಟದಿಂದ ದೂರ ಉಳಿದವರು. ಅಂಥವರು ಹಿಂದಿರುಗಿ ಬಂದು ಮತ್ತೆ ಶಿಖರಕ್ಕೇರಿದರು. ಭದ್ರಾವತಿಯ ಕುಳ್ಳ ತರುಣ ಗುಂಡಪ್ಪ ವಿಶ್ವನಾಥರು 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ಎದುರು ಕಣಕ್ಕಿಳಿದು, ಚೊಚ್ಚಲ ಪಂದ್ಯದಲ್ಲಿಯೇ 230 ರನ್ ಗಳಿಸಿದರು. ಮೈಕಟ್ಟನ್ನು ನೋಡದೆ ಆಟವನ್ನು ನೋಡುವ ಕಣ್ಣು ಆಯ್ಕೆಗಾರರಿಗೆ ಇದ್ದುದರಿಂದ ಇದು ಸಾಧ್ಯವಾಯಿತು. ಬೆಂಗಳೂರಿನ ಕ್ಲಬ್ಬುಗಳ ಲೀಗ್ ಪಂದ್ಯಗಳು, ನಾರಿನ ಚಾಪೆಯ ಪಿಚ್ಚುಗಳು, ಕಾಲೇಜು ತಂಡಗಳು, ವಿಶ್ವನಾಥರಂಥವರಿಗೆ ಸ್ಟೇಟ್ ಬ್ಯಾಂಕು ಒದಗಿಸಿದ ಜೀವನಭದ್ರತೆ ಇವೆಲ್ಲ ಸೇರಿ ಆ ಪರಿಸರವಾಯಿತು. ಎಂ. ಚಿನ್ನಸ್ವಾಮಿಯವರಂಥ ಆಡಳಿತಗಾರರು ಅದಕ್ಕೊಂದು ಸ್ಥಿರವಾದ ನೆಲೆಯನ್ನು ಕಟ್ಟಿದರು. ಬೆಂಗಳೂರಿನ ಕ್ರೀಡಾಂಗಣದಲ್ಲಿ 1974ರ ನವೆಂಬರಿನಲ್ಲಿ ಮೊದಲ ಟೆಸ್ಟ್ ನಡೆಯಿತು. ನಾಯಕನು ಬೀಜವನ್ನು ಬಿತ್ತಿದನೆನ್ನುವುದಕ್ಕಿಂತ, ಹದವಾದ ನೆಲದಲ್ಲಿ ನಿಂತು ಫಸಲನ್ನು ಕೊಯ್ದನೆನ್ನುವುದು ನ್ಯಾಯವಾದೀತು.

ಈ ಫಸಲಿನ ಒಂದು ಕೊಯ್ಲು ದೆಹಲಿಯ ಹೊಸ್ತಿಲಲ್ಲಿಯೇ ನಡೆಯಿತು. ಇಂದು ಮೆಟ್ರೋ ರೈಲಿನಲ್ಲಿ ಗಾಜಿಯಾಬಾದಿನ ಕಡೆಗೆ ಹೋಗುವವರು ಮೋಹನ ನಗರವೆಂಬ ನಿಲ್ದಾಣವನ್ನು ಕಾಣುತ್ತಾರೆ. ಅಲ್ಲಿನ ಮೈದಾನದಲ್ಲಿ 1977-78ರ ಅಂತಿಮ ಪಂದ್ಯದಲ್ಲಿ ಕರ್ನಾಟಕವು ಉತ್ತರ ಪ್ರದೇಶವನ್ನು ಒಂದು ಇನಿಂಗ್ಸ್ ಹಾಗೂ 193 ರನ್ನುಗಳಿಂದ ಮಣಿಸಿತು. ವಿಶ್ವನಾಥರು ಅಂದು 247 ರನ್ ಗಳಿಸಿದರು. ನಾಯಕರು ಮತ್ತೆ ಪ್ರಸನ್ನರೇ.

ಆದರೆ ಅದೇ ಕಾಲದಲ್ಲಿ ದೆಹಲಿಯಲ್ಲಿಯೇ ಬೇರೊಂದು ಬಗೆಯ ನಿರ್ಮಾಣ ನಡೆದಿತ್ತು. 1976-77ರವರೆಗೆ ದೆಹಲಿ ತಂಡವು ಅಂತಿಮ ಪಂದ್ಯವನ್ನೇ ಕಂಡಿರಲಿಲ್ಲ. ಅಮೃತಸರದಿಂದ ಬಂದ ಬಿಷನ್ ಸಿಂಗ್ ಬೇಡಿಯವರು ಅದರ ನಾಯಕರಾಗಿ ಆಟಗಾರರಿಂದ ಕಠಿನವಾದ ದೈಹಿಕ ಸಿದ್ಧತೆಯನ್ನು ಬಯಸಿದರು. ಅವರ ಗೌರವಕ್ಕೂ ಸಂಭಾವನೆಗೂ ಆಡಳಿತದೊಡನೆ ಎದುರು ನಿಂತು ವಾದಿಸಿದರು. ಮದನ್ ಲಾಲರೂ ಪಂಜಾಬಿನ ಕಡೆಯಿಂದಲೇ ಬಂದವರು. ಬೆಂಗಳೂರು ತನ್ನ ಮನೆಯ ಮಕ್ಕಳಿಂದ ತಂಡವನ್ನು ಕಟ್ಟಿದರೆ, ದೆಹಲಿಯು ವಲಸೆ ಬಂದವರನ್ನೂ ತನ್ನವರನ್ನಾಗಿ ಮಾಡಿಕೊಂಡು ಕಟ್ಟಿತು. ಉದ್ಯೋಗ ನಿಮಿತ್ತ ಇಲ್ಲಿಗೆ ಬಂದು ಈ ಊರಿನವರೇ ಆಗಿರುವ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. 1978-79ರಲ್ಲಿ ಬೇಡಿಯವರ ತಂಡವು ಬೆಂಗಳೂರಿಗೇ ಹೋಗಿ ಕರ್ನಾಟಕವನ್ನು 399 ರನ್ನುಗಳಿಂದ ಸೋಲಿಸಿ ತನ್ನ ಮೊದಲ ಟ್ರೋಫಿಯನ್ನು ಪಡೆಯಿತು. ಮರುವರ್ಷವೂ ಅದನ್ನು ಉಳಿಸಿಕೊಂಡಿತು.

ನಿಜವಾದ ಪರೀಕ್ಷೆ ಬಂದುದು 1981-82ರಲ್ಲಿ, ಫಿರೋಜ್ ಷಾ ಕೋಟ್ಲಾದಲ್ಲಿ. ಆ ವೇಳೆಗೆ ಬೇಡಿಯವರು ನಿವೃತ್ತರಾಗಿದ್ದರು. ಕರ್ನಾಟಕವು ಮೊದಲು ಆಡಿ 705 ರನ್ನುಗಳನ್ನು ಪೇರಿಸಿತು. ಪಂದ್ಯ ಪೂರ್ಣಗೊಳ್ಳದಿದ್ದರೆ ಮೊದಲ ಇನಿಂಗ್ಸಿನ ಮುನ್ನಡೆಯೇ ನಿರ್ಣಾಯಕವಾಗುವ ನಿಯಮದಲ್ಲಿ ಇಷ್ಟು ಮೊತ್ತವು ಗೆಲವೆಂದೇ ಯಾರಿಗಾದರೂ ತೋರಬೇಕು. ಮೊಹಿಂದರ್ ಅಮರನಾಥರು 185, ಗುರುಶರಣ್ ಸಿಂಗರು 101 ರನ್ ಗಳಿಸಿದರೂ, ದೆಹಲಿ 589 ರನ್ನುಗಳಿಗೆ ಎಂಟು ವಿಕೆಟ್ ಕಳೆದುಕೊಂಡಿತು. ಮುನ್ನಡೆಗೆ ಇನ್ನೂ 117 ರನ್ ಬೇಕಾಗಿತ್ತು. ಆಗ ಜೊತೆಗೂಡಿದ ರಾಕೇಶ್ ಶುಕ್ಲಾ ಹಾಗೂ ರಾಜೇಶ್ ಪೀಟರ್ ಎಂಬ ಇಬ್ಬರು ಅಜೇಯರಾಗಿ ನಿಂತು 118 ರನ್ ಸೇರಿಸಿದರು. ದೆಹಲಿಯ ಮೊತ್ತ ಎಂಟು ವಿಕೆಟ್ಟಿಗೆ 707.

ಆ ಪಂದ್ಯದಲ್ಲಿ ಕರ್ನಾಟಕದ ದಾಂಡಿಗರು ಮಾಡಬಹುದಾದುದನ್ನೆಲ್ಲ ಮಾಡಿದ್ದರು. ಸೋಲಿಗೆ ಯಾರ ತಲೆಯನ್ನೂ ಕೇಳುವಂತಿರಲಿಲ್ಲ. ಎದುರಾಳಿಯಲ್ಲಿ ಇದ್ದುದು ಬೇರೊಂದು ಬಲ: ನಾಯಕನು ಹೋದರೂ ಹೋಗದ ಅಭ್ಯಾಸ. ಒಂಬತ್ತನೆಯ ಹಾಗೂ ಹತ್ತನೆಯ ಸ್ಥಾನದವನೂ ತಂಡದ ಭಾರವು ತನ್ನ ಮೇಲಿದೆಯೆಂದು ನಂಬುವಂತೆ ಮಾಡುವುದೇ ಉತ್ತಮ ಪರಿಸರದ ಲಕ್ಷಣ. ಬೇಡಿಯವರ ನಾಯಕತ್ವದ ಅತ್ಯುನ್ನತ ಫಲವು ಅವರು ಆಡದ ಪಂದ್ಯದಲ್ಲಿ ಕಾಣಿಸಿಕೊಂಡಿತೆಂಬುದು ನನ್ನ ಅಭಿಪ್ರಾಯ.

ಇದೇ ಅಳತೆಗೋಲನ್ನು ಕರ್ನಾಟಕಕ್ಕೂ ಹಿಡಿಯಬೇಕು. 705 ರನ್ ಮಾಡಿ ಸೋತ ತಂಡವು ಎದೆಗುಂದಿ ಚದರಿಹೋಗಬಹುದಾಗಿತ್ತು. ಹಾಗಾಗಲಿಲ್ಲ. ಮರುವರ್ಷ, 1982-83ರಲ್ಲಿ, ಬ್ರಿಜೇಶ್ ಪಟೇಲರ ನಾಯಕತ್ವದಲ್ಲಿ ಅದು ಬೊಂಬಾಯಿಗೇ ಹೋಗಿ, ಮೊದಲ ಇನಿಂಗ್ಸಿನ ಮುನ್ನಡೆಯಿಂದಲೇ ಬೊಂಬಾಯಿಯನ್ನು ಹಿಂದಿಕ್ಕಿ ಟ್ರೋಫಿಯನ್ನು ಮರಳಿ ತಂದಿತು. ಪ್ರಸನ್ನರು ಆಗ ತಂಡದಲ್ಲಿರಲಿಲ್ಲ. ಆದರೆ ಆ ನೆಲ ಇತ್ತು.

ಕೋಟ್ಲಾ ಮೈದಾನಕ್ಕೆ 2019ರಲ್ಲಿ ಹೆಸರು ಬದಲಾಯಿತು. ಹೆಸರುಗಳು ಬದಲಾಗುತ್ತವೆ, ನಾಯಕರು ಸರಿಯುತ್ತಾರೆ. ಒಬ್ಬಿಬ್ಬರ ಹೆಗಲ ಮೇಲೆ ನಡೆಯುವ ಸಂಘ ಸಂಸ್ಥೆಗಳನ್ನು ಕಟ್ಟಿಕೊಂಡಿರುವ ಹೊರನಾಡ ಕನ್ನಡಿಗರು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಇದೇ: ನಮ್ಮ ಮುಂದಾಳು ಎಷ್ಟು ಸಮರ್ಥನೆಂಬುದಲ್ಲ, ಅವನಿಲ್ಲದ ದಿನ ನಮ್ಮ ಒಂಬತ್ತನೆಯವನೂ ಹತ್ತನೆಯವನೂ ನಿಂತು ಆಡಬಲ್ಲರೆ ಎಂಬುದು.