ಹೊಣೆ ನಿಲ್ಲುವವರು

ಕಲಬುರಗಿಯಿಂದ ಈಶಾನ್ಯಕ್ಕೆ ಹೊರಟ ಹೆದ್ದಾರಿಯಲ್ಲಿ ಸಿಗುವ ಊರು ಕಮಲಾಪುರ. ಕೆಂಪು ಬಾಳೆಹಣ್ಣಿನಿಂದ ಹೆಸರುವಾಸಿಯಾದ ಈ ಊರು ಬಹುಕಾಲ ಕಲಬುರಗಿ ತಾಲೂಕಿನಲ್ಲೇ ಇದ್ದು, 2018ರಲ್ಲಿ ತಾನೇ ಒಂದು ತಾಲೂಕಿನ ಕೇಂದ್ರವಾಯಿತು. ಅದೇ ಹಾದಿಯಲ್ಲಿ ಮುಂದೆ ಹುಮನಾಬಾದು. ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಬಸವಕಲ್ಯಾಣ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನು 1076ರಿಂದ 1126ರ ವರೆಗೆ ರಾಜ್ಯವಾಳಿದ ಕಲ್ಯಾಣವೇ ಇದು. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನವನ್ನು ಬರೆದನೆಂಬುದು ಓದುಗರಿಗೆ ವಿದಿತವೇ ಇದೆ. ಶಹಾಬಾದು ಸಮೀಪದ ಮರ್ತೂರು ಅವನ ಊರೆಂದು ನಮ್ಮ ಜಿಲ್ಲೆಯವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಮಿತಾಕ್ಷರಾ ಎಂದೊಡನೆ ದಾಯಭಾಗ, ಆಸ್ತಿಯ ಪಾಲು, ಇವುಗಳೇ ನೆನಪಿಗೆ ಬರುವುದು ಸಹಜ. ಆದರೆ ಆ ಗ್ರಂಥದಲ್ಲಿ ಇನ್ನೊಂದು ವಿಷಯವೂ ಇದೆ. ಇಂದಿಗೂ ಕಮಲಾಪುರದ ರೈತನೊಬ್ಬನು ಸಣ್ಣ ಮೊಕದ್ದಮೆಯಲ್ಲಿ ಸಿಕ್ಕಿಕೊಂಡಾಗ ಮೊದಲು ಕೇಳುವುದು ಅದನ್ನೇ: "ಜಾಮೀನು ಯಾರು ಆಗ್ತಾರ?" ಈ ಒಂದು ಪ್ರಶ್ನೆಯ ಇತಿಹಾಸವನ್ನು ತಮ್ಮ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಮೊದಲು ಶಬ್ದವನ್ನು ನೋಡೋಣ. ನಮ್ಮ ಅಚ್ಚಗನ್ನಡದ ಮಾತು 'ಹೊಣೆ', ಹಳಗನ್ನಡದಲ್ಲಿ 'ಪೊಣೆ'. ಸಂಸ್ಕೃತದಲ್ಲಿ ಹೊಣೆಗಾರನಿಗೆ 'ಪ್ರತಿಭೂ' ಎಂದು ಹೆಸರು. ಒಬ್ಬನಿಗೆ ಪ್ರತಿಯಾಗಿ ನಿಲ್ಲುವವನು ಎಂದು ಅರ್ಥ. ಯಾಜ್ಞವಲ್ಕ್ಯನು ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ಕರೆದಾಗ ಈ ಮನುಷ್ಯನನ್ನು ತಂದು ತೋರಿಸುತ್ತೇನೆ ಎಂಬುದು ದರ್ಶನದ ಹೊಣೆ. ಇವನು ನಂಬತಕ್ಕವನು ಎಂಬುದು ಪ್ರತ್ಯಯದ ಹೊಣೆ. ಇವನು ಕೊಡದಿದ್ದರೆ ನಾನು ಕೊಡುತ್ತೇನೆ ಎಂಬುದು ದಾನದ ಹೊಣೆ. ಮೊದಲಿನ ಎರಡರಲ್ಲಿ ಮಾತು ತಪ್ಪಿದರೆ ಹೊಣೆ ನಿಂತವನೇ ತೆರಬೇಕು. ಅದು ಅವನ ಮಕ್ಕಳ ತಲೆಗೆ ಬರುವುದಿಲ್ಲ. ಮೂರನೆಯದರಲ್ಲಿ ಮಾತ್ರ ಮಕ್ಕಳೂ ಬಾಧ್ಯರು. ಮನುಷ್ಯನನ್ನು ಹಾಜರುಪಡಿಸುವ ಮಾತು ಬೇರೆ, ಹಣದ ಮಾತು ಬೇರೆ ಎಂಬ ವಿವೇಕ ಇಲ್ಲಿ ಸ್ಪಷ್ಟವಾಗಿದೆ.

ವ್ಯಾಜ್ಯ ತೀರ್ಮಾನವಾಗುವ ಮೊದಲು ವಾದಿ ಪ್ರತಿವಾದಿಗಳಿಬ್ಬರಿಂದಲೂ ಸಮರ್ಥನಾದ ಹೊಣೆಗಾರನನ್ನು ಪಡೆಯಬೇಕೆಂದೂ ಆ ಸ್ಮೃತಿ ವಿಧಿಸುತ್ತದೆ. ಬೈಗುಳ, ಹೊಡೆದಾಟಗಳೂ ಆಗಿನ ವ್ಯವಹಾರಪದಗಳಲ್ಲಿಯೇ ಸೇರಿದ್ದವೆಂಬುದನ್ನು ಓದುಗರು ಗಮನಿಸಬೇಕು. ಹೊಣೆಗೆ ಒಳಗಾದವನು ತಲೆ ತಪ್ಪಿಸಿಕೊಂಡರೆ ಅವನನ್ನು ಹುಡುಕಲು ಹೊಣೆಗಾರನಿಗೆ ಮೂರು ಪಕ್ಷಗಳ, ಅಂದರೆ ಒಂದೂವರೆ ತಿಂಗಳ, ಅವಧಿ ಕೊಡಬೇಕೆಂದು ಕಾತ್ಯಾಯನನ ಮತ. ಹೊಣೆಯೇ ಸಿಗದವನ ಗತಿಯೇನು? ಅದಕ್ಕೂ ಕಾತ್ಯಾಯನನ ಉತ್ತರವಿದೆ: ಅಂಥವನನ್ನು ಕಾವಲಿನಲ್ಲಿಡಬೇಕು, ದಿನದ ಕೊನೆಗೆ ಆ ಕಾವಲಿನವನ ಕೂಲಿಯನ್ನು ಅವನೇ ಕೊಡಬೇಕು! ಹೊಣೆ ನಿಲ್ಲಲು ಜನವಿಲ್ಲದವನು ಬಂಧನವನ್ನೂ ಅನುಭವಿಸಿ ಕೂಲಿಯನ್ನೂ ತೆರಬೇಕಾಗಿತ್ತು. ಬಡವನ ಈ ತೊಡಕು ಅಂದಿನದು. ಅದು ಹೇಗೆ ಇಂದಿನವರೆಗೂ ಬಂದಿತೆಂಬುದನ್ನು ಮುಂದೆ ಕಾಣಬಹುದು.

1347ರಲ್ಲಿ ಕಲಬುರಗಿ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಕಚೇರಿಗೆ ಪಾರಸಿ ಬಂದಿತು. ಅದರೊಡನೆ ಅರಬ್ಬಿ, ತುರ್ಕಿ ಮಾತುಗಳೂ ಬಂದವು. ಕಾಲಾಂತರದಲ್ಲಿ 'ಜಾಮೀನು', 'ಹಾಜರು', 'ಫಿರ್ಯಾದಿ', 'ವಕೀಲ' ಎಲ್ಲವೂ ನಮ್ಮ ಹಳ್ಳಿಯ ಬಾಯಿಮಾತಾಗಿ, ಅವು ಹೊರಗಿನಿಂದ ಬಂದವೆಂಬುದೇ ಮರೆತುಹೋಯಿತು. ಸನ್ನಡತೆಗಾಗಿ ಬರೆದುಕೊಡುವ 'ಮುಚ್ಚಳಿಕೆ' ತುರ್ಕಿ ಮೂಲದ್ದು. ಕುತೂಹಲದ ಸಂಗತಿಯೆಂದರೆ, ಈ ಕಚೇರಿಯ ಭಾಷೆಯಲ್ಲಿಯೂ ಹೊಣೆಗೆ ಬಗೆಗಳಿದ್ದವು. ಆಳನ್ನು ಹಾಜರುಪಡಿಸುವವನು 'ಹಾಜಿರ್ ಜಾಮೀನ', ಹಣಕ್ಕೆ ನಿಲ್ಲುವವನು 'ಮಾಲ್ ಜಾಮೀನ', ನಡತೆಗೆ ನಿಲ್ಲುವವನು 'ಫೇಲ್ ಜಾಮೀನ'. ಯಾಜ್ಞವಲ್ಕ್ಯನ ದರ್ಶನ, ದಾನ, ಪ್ರತ್ಯಯಗಳನ್ನು ಇವುಗಳ ಪಕ್ಕದಲ್ಲಿಟ್ಟು ನೋಡಿರಿ. ಒಂದು ಇನ್ನೊಂದರ ನಕಲೆಂದು ನಾನು ಹೇಳುತ್ತಿಲ್ಲ. ಊರು ಕಟ್ಟಿಕೊಂಡು ಬಾಳುವ ಜನರಿಗೆ ಎಲ್ಲೆಲ್ಲಿಯೂ ಇದೇ ಅಗತ್ಯ ಬಿದ್ದಿತೆಂದು ಮಾತ್ರ ತಿಳಿಯಬೇಕು.

ಮುಂದೆ ಈ ಸೀಮೆ ಹೈದರಾಬಾದು ನಿಜಾಮರ ಆಳ್ವಿಕೆಗೆ ಸೇರಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪಾರಸಿಯ ಸ್ಥಾನವನ್ನು ಉರ್ದು ಪಡೆಯಿತು. ಕನ್ನಡವಲ್ಲದೆ ಬೇರೆ ತಿಳಿಯದ ಒಕ್ಕಲಿಗನು ಓದಲಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಹೊಣೆಯಾಗುತ್ತಿದ್ದ ಕಾಲವದು. ಆದರೂ ನ್ಯಾಯಕ್ಕಾಗಿ ಒಂದು ಮಾತು ಹೇಳಬೇಕು: ಕಂದಾಯದ ಅಧಿಕಾರಿಯೇ ನ್ಯಾಯವನ್ನೂ ಹೇಳುವ ಪದ್ಧತಿಯನ್ನು ಬಿಟ್ಟು, ನ್ಯಾಯಾಂಗವನ್ನು ಆಡಳಿತದಿಂದ ಬೇರ್ಪಡಿಸುವ ಆಜ್ಞೆಯು ಈ ಸಂಸ್ಥಾನದಲ್ಲಿ 1921ರಷ್ಟು ಹಿಂದೆಯೇ ಹೊರಟಿತು.

ಬ್ರಿಟಿಷ್ ಇಂಡಿಯಾದಲ್ಲಿ 1861ರಿಂದ ಒಂದಾದಮೇಲೊಂದು ದಂಡ ಪ್ರಕ್ರಿಯಾ ಸಂಹಿತೆಗಳು ಬಂದು, 1898ರದು ಬಹುಕಾಲ ನಿಂತಿತು. ಸಣ್ಣ ಅಪರಾಧಗಳಲ್ಲಿ ಜಾಮೀನು ಆರೋಪಿಯ ಹಕ್ಕು, ದೊಡ್ಡವುಗಳಲ್ಲಿ ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು ಎಂಬ ಭೇದ ಅದರಲ್ಲಿತ್ತು. ಸಣ್ಣ ಅಪರಾಧಗಳಲ್ಲಿ ಹೊಣೆಗಾರರಿಲ್ಲದೆ, ಆರೋಪಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡುವ ಅವಕಾಶವೂ ಇತ್ತು. 1917ರ ಏಪ್ರಿಲಿನಲ್ಲಿ ಚಂಪಾರಣ್ಯದ ಮೋತಿಹಾರಿಯಲ್ಲಿ ಮ್ಯಾಜಿಸ್ಟ್ರೇಟರು ಜಾಮೀನು ಕೇಳಿದಾಗ ಗಾಂಧೀಜಿ ಕೊಡುವುದಿಲ್ಲವೆಂದರು. ಕೊನೆಗೆ ಜಾಮೀನಿಲ್ಲದೆಯೇ ಅವರನ್ನು ಬಿಡಬೇಕಾಯಿತು. ಅವರು ಎಲ್ಲಿಗೂ ಓಡುವವರಲ್ಲವೆಂಬುದು ನ್ಯಾಯಾಧೀಶರಿಗೂ ಗೊತ್ತಿತ್ತು. ಸಾಮಾನ್ಯ ಕೂಲಿಕಾರನ ಮಾತಿಗೆ ಆ ತೂಕ ಸಿಗುತ್ತಿರಲಿಲ್ಲ.

1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದೊಡನೆ ಸೇರಿತು. 1951ರ ಏಪ್ರಿಲಿನಿಂದ 1898ರ ಸಂಹಿತೆ ಇಲ್ಲಿಗೂ ಅನ್ವಯಿಸಿತು. 1956ರ ನವೆಂಬರ್ 1ರಂದು ಕಲಬುರಗಿ ಮೈಸೂರು ರಾಜ್ಯಕ್ಕೆ ಬಂದು, ಕಚೇರಿಯ ಮಾತು ಮೆಲ್ಲಮೆಲ್ಲನೆ ಕನ್ನಡವಾಯಿತು. 1974ರ ಏಪ್ರಿಲಿನಿಂದ ಹೊಸ ಸಂಹಿತೆಯೊಂದು ನಡೆಯಿತು; 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅದರ ಸ್ಥಾನಕ್ಕೆ ಬಂದಿದೆ. ಹೆಸರು ಮತ್ತು ಕಲಮುಗಳ ಸಂಖ್ಯೆ ಬದಲಾದರೂ ಈ ವಿಷಯದ ತಿರುಳು ಬಹುಮಟ್ಟಿಗೆ ಹಾಗೆಯೇ ಉಳಿದಿದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕಮಲಾಪುರದ ಕಡೆಯ ಒಬ್ಬ ರೈತನು ನೆರೆಯವನ ಬಂಡಿ ಹೊಲಕ್ಕೆ ಹೋಗದಂತೆ ದಾರಿಗೆ ಅಡ್ಡ ನಿಂತನೆನ್ನಿರಿ. ಆ ದಾರಿಯಲ್ಲಿ ಹೋಗುವ ಹಕ್ಕು ನೆರೆಯವನಿಗಿದ್ದರೆ ಇದು ಅಕ್ರಮ ತಡೆ. ಇದಕ್ಕೆ ಹೆಚ್ಚೆಂದರೆ ಒಂದು ತಿಂಗಳ ಸಾದಾ ಸಜೆ, ಅಥವಾ 5,000 ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಪೋಲೀಸರು ವಾರಂಟಿಲ್ಲದೆ ಹಿಡಿಯಬಹುದಾದರೂ ಇದು ಜಾಮೀನಿಗೆ ಅರ್ಹವಾದ ಅಪರಾಧ. ಇಲ್ಲಿ ಜಾಮೀನು ಯಾರೂ ಮಾಡುವ ಉಪಕಾರವಲ್ಲ. ಆರೋಪಿಯು ಜಾಮೀನು ಕೊಡಲು ಸಿದ್ಧನಾಗಿದ್ದರೆ ಠಾಣೆಯ ಅಧಿಕಾರಿಯೇ ಅವನನ್ನು ಬಿಡಬೇಕು. ನ್ಯಾಯಾಲಯದವರೆಗೆ ಹೋದರೆ ಅಲ್ಲಿಯೂ ಬಿಡಬೇಕು.

ಬರೆದುಕೊಡುವ ಕಾಗದ ಎರಡು ಬಗೆ. ಆರೋಪಿಯು ತಾನೊಬ್ಬನೇ, ಕರೆದ ದಿನ ಬರುತ್ತೇನೆ, ತಪ್ಪಿದರೆ ಇಷ್ಟು ಹಣ ಕೊಡುತ್ತೇನೆ ಎಂದು ಬರೆದುಕೊಟ್ಟರೆ ಅದು ಬಾಂಡು, ಅಂದರೆ ಸ್ವಂತ ಮುಚ್ಚಳಿಕೆ. ಅದರೊಡನೆ ಬೇರೊಬ್ಬನು ಹೊಣೆ ನಿಂತರೆ ಅದು ಜಾಮೀನು ಬಾಂಡು. ಬಾಂಡಿನ ಮೊತ್ತವನ್ನು ಬಿಡುಗಡೆಯ ದಿನ ಯಾರೂ ಕಟ್ಟಬೇಕಾಗಿಲ್ಲ. ಮಾತು ತಪ್ಪಿದರೆ ಮಾತ್ರ ಅದು ಬಾಕಿಯಾಗುತ್ತದೆ. ಈ ಮೊತ್ತ ಅತಿಯಾಗಿರಕೂಡದೆಂಬ ನಿಯಮವೂ ಇದೆ. 1689ರಲ್ಲಿಯೇ ಇಂಗ್ಲೆಂಡಿನ ಹಕ್ಕುಗಳ ಮಸೂದೆ ಅತಿಯಾದ ಜಾಮೀನು ಕೇಳಬಾರದೆಂದು ಸಾರಿತ್ತು.

ಹೊಣೆ ನಿಲ್ಲಲು ಕರೆ ಬಂದಾಗ ನಮ್ಮಲ್ಲಿ ಅನೇಕರು ಹಿಂಜರಿಯುತ್ತಾರೆ. ಸಂಬಳದ ಚೀಟಿ ಇರುವ ಶಾಲಾ ಮಾಸ್ತರನ ಮನೆಗಂತೂ ಇಂಥ ಕರೆ ಆಗಾಗ ಬರುತ್ತದೆ: "ಸರ, ನಮ್ಮ ಹುಡುಗಗ ಒಂದು ಸಹಿ ಮಾಡ್ರಿ." ಸಹಿ ಮಾಡಿದರೆ ಮನೆ ಹೊಲ ಹೋಗಿಬಿಡುತ್ತವೆ ಎಂಬ ಅಂಜಿಕೆ ಮನೆಯವರಿಗೆ. ಆದುದರಿಂದ ನಿಜಸ್ಥಿತಿಯನ್ನು ತಿಳಿದಿರುವುದು ಒಳಿತು. ಹೊಣೆಗಾರನು ಆರೋಪಿಯ ಅಪರಾಧಕ್ಕಾಗಲಿ, ಅವನಿಗೆ ಬೀಳುವ ಶಿಕ್ಷೆಗಾಗಲಿ ಬಾಧ್ಯನಲ್ಲ. ಅವನ ಹೊಣೆ ದರ್ಶನದ್ದು. ಆರೋಪಿ ಬಾರದೆ ಹೋದರೆ ನ್ಯಾಯಾಲಯವು ಬಾಂಡನ್ನು ಮುಟ್ಟುಗೋಲು ಮಾಡಿ, ಏಕೆ ವಸೂಲು ಮಾಡಬಾರದೆಂದು ಹೊಣೆಗಾರನನ್ನು ಕೇಳುತ್ತದೆ. ತಕ್ಕ ಕಾರಣವಿದ್ದರೆ ಮೊತ್ತದ ಒಂದು ಭಾಗವನ್ನು ಬಿಟ್ಟುಕೊಡಬಹುದು. ಕೊಡದೆ ಹೋದರೆ, ವಸೂಲೂ ಆಗದಿದ್ದರೆ, ಆರು ತಿಂಗಳವರೆಗೆ ಸಿವಿಲ್ ಸೆರೆವಾಸದ ಆಜ್ಞೆಯೂ ಆಗಬಹುದು. ಆದಕಾರಣ ಇದು ಹಗುರವಾದ ಕೆಲಸವಲ್ಲ. ಆರೋಪಿಯ ಮೇಲಿನ ನಂಬಿಕೆ ಹೋದರೆ ಹೊಣೆಗಾರನು ನ್ಯಾಯಾಲಯಕ್ಕೆ ಅರ್ಜಿ ಕೊಟ್ಟು ತನ್ನ ಹೊಣೆಯನ್ನು ಇಳಿಸಿಕೊಳ್ಳಬಹುದು. ಬಾಂಡು ಮುಟ್ಟುಗೋಲಾಗುವ ಮೊದಲೇ ಹೊಣೆಗಾರನು ತೀರಿಕೊಂಡರೆ ಅವನ ಆಸ್ತಿಗೆ ಯಾವ ಬಾಧ್ಯತೆಯೂ ಇಲ್ಲ. ದರ್ಶನದ ಹೊಣೆ ಮಕ್ಕಳಿಗೆ ತಗುಲದೆಂದು ಯಾಜ್ಞವಲ್ಕ್ಯನು ಹೇಳಿದ್ದನಷ್ಟೆ. ಇಂದಿನ ಸಂಹಿತೆಯೂ ಆ ದಾರಿಯಲ್ಲಿಯೇ ಇದೆ.

ಆದರೆ ಹೊಣೆಗಾರನಲ್ಲಿ ನಾವು ನೋಡುವುದು ಈಗ ಏನನ್ನು? ಊರಿನಲ್ಲಿ ಅವನ ಮಾತಿಗೆ ಇರುವ ಬೆಲೆಗಿಂತ ಹೆಚ್ಚಾಗಿ ಅವನ ಪಹಣಿಯನ್ನು. ಹೊಲದ ಪಹಣಿ, ಗುರುತಿನ ಚೀಟಿ, ಭಾವಚಿತ್ರ, ಪ್ರಮಾಣಪತ್ರ ಇವೆಲ್ಲ ಕೂಡಿದ ಮೇಲೆ ಕಾಗದ ಮುಂದೆ ಹೋಗುತ್ತದೆ. ಗುಂಟೆ ಭೂಮಿಯೂ ಇಲ್ಲದ ಕೂಲಿಕಾರನ ನೆಂಟರಿಷ್ಟರಿಗೂ ಭೂಮಿ ಇರುವುದಿಲ್ಲ. ಅವನು ಹಣ ಕೊಟ್ಟು ಹೊಣೆಗಾರನನ್ನು ಹುಡುಕಹೊರಟರೆ ದಲ್ಲಾಳಿಯ ಕೈಗೆ ಬೀಳುತ್ತಾನೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಹಣ ಪಡೆದು ಹೊಣೆ ನಿಲ್ಲುವುದು ಕಾನೂನು ಒಪ್ಪಿದ ವ್ಯಾಪಾರ, ನಮ್ಮಲ್ಲಿ ಹಾಗಲ್ಲ. ಅದಕ್ಕಾಗಿಯೇ, ತಾನು ಎಷ್ಟು ಮಂದಿಗೆ ಹೊಣೆ ನಿಂತಿದ್ದೇನೆಂದು ಹೊಣೆಗಾರನು ನ್ಯಾಯಾಲಯಕ್ಕೆ ಬರೆದುಕೊಡಬೇಕು.

1978ರಲ್ಲಿ ಮಧ್ಯಪ್ರದೇಶದ ಒಬ್ಬ ಬಡ ಗೌಂಡಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತು. ಮ್ಯಾಜಿಸ್ಟ್ರೇಟರು ಅವನಿಂದ 10,000 ರೂಪಾಯಿಯ ಜಾಮೀನು ಕೇಳಿದ್ದರು. ಅವನ ಸಹೋದರನು ಹೊಣೆ ನಿಲ್ಲಲು ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆಯೆಂದು ಒಪ್ಪಿರಲಿಲ್ಲ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1,000 ರೂಪಾಯಿಯ ಸ್ವಂತ ಬಾಂಡಿನ ಮೇಲೆ ಅವನನ್ನು ಬಿಡಿಸಿದರು. ಕನ್ನಡಿಗನೊಬ್ಬನು ದೂರದ ಊರಿನಲ್ಲಿ ಸಿಕ್ಕಿಕೊಂಡರೆ ಅಲ್ಲಿ ಆಸ್ತಿಯುಳ್ಳ ಹೊಣೆಗಾರನನ್ನು ಎಲ್ಲಿಂದ ತಂದಾನು ಎಂಬರ್ಥದ ಪ್ರಶ್ನೆಯನ್ನೂ ಅವರು ಎತ್ತಿದ್ದರು. ಮುಂಬಯಿ, ಪುಣೆ, ಹೈದರಾಬಾದುಗಳಿಗೆ ದುಡಿಯಲು ಹೋಗುವ ನಮ್ಮ ಜಿಲ್ಲೆಯ ಜನರಿಗೆ ಈ ಪ್ರಶ್ನೆಯ ಬಿಸಿ ಚೆನ್ನಾಗಿ ಗೊತ್ತು.

ಕಾನೂನು ನಿಧಾನವಾಗಿ ಆ ದಿಕ್ಕಿಗೆ ತಿರುಗಿತು. 2005ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸಣ್ಣ ಅಪರಾಧದಲ್ಲಿ ಹಿಡಿದ ವ್ಯಕ್ತಿಯು ಬಡವನಾಗಿದ್ದು ಹೊಣೆಗಾರನನ್ನು ತರಲಾರದೆ ಹೋದರೆ ಅವನನ್ನು ಸ್ವಂತ ಬಾಂಡಿನ ಮೇಲೆ ಬಿಡಲೇಬೇಕು. ಹಿಡಿದ ದಿನದಿಂದ ಒಂದು ವಾರದೊಳಗೆ ಜಾಮೀನು ಒದಗಿಸಲಾರದವನನ್ನು ಬಡವನೆಂದು ಭಾವಿಸಲು ಅದೇ ಸಾಕಾದ ಆಧಾರ. ಹೊಸ ಸಂಹಿತೆಯ 478ನೆಯ ಕಲಮಿನಲ್ಲಿ ಈ ನಿಯಮ ಹಾಗೆಯೇ ಇದೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಸೂಚನೆ ಕೊಟ್ಟಿತು. ಜಾಮೀನು ಮಂಜೂರಾಗಿ ಏಳು ದಿನಗಳಾದರೂ ಬಿಡುಗಡೆಯಾಗದವರ ಸಂಗತಿಯನ್ನು ಕಾರಾಗೃಹದ ಅಧೀಕ್ಷಕರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಬಂಧನದಲ್ಲಿರುವ ಯಾರೇ ಆಗಲಿ ಈ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವನ್ನು ಪಡೆಯಬಹುದು. ಕಲಬುರಗಿಗೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಆದುದರಿಂದ ಮೇಲಿನ ನ್ಯಾಯಾಲಯಕ್ಕೆಂದು ಬೆಂಗಳೂರಿನವರೆಗೆ ಹೋಗುವ ಕಷ್ಟವೂ ತಪ್ಪಿದೆ.

ಹಕ್ಕಿನ ಜೊತೆಗೆ ಕರ್ತವ್ಯವೂ ಉಂಟು. ಜಾಮೀನಿನ ಮೇಲೆ ಹೊರಬಂದವನು ಸಕಾರಣವಿಲ್ಲದೆ ನ್ಯಾಯಾಲಯಕ್ಕೆ ಹಾಜರಾಗದಿದ್ದರೆ ಅದೇ ಬೇರೊಂದು ಅಪರಾಧವಾಗಿ, ಒಂದು ವರ್ಷದವರೆಗೆ ಸಜೆಯಾಗಬಹುದು. ಒಂದು ತಿಂಗಳ ಸಜೆಯ ಮೊಕದ್ದಮೆಗೆ ಅಂಜಿ ತಪ್ಪಿಸಿಕೊಂಡವನು ಹನ್ನೆರಡು ತಿಂಗಳನ್ನು ತಾನೇ ತಲೆಯ ಮೇಲೆ ಎಳೆದುಕೊಂಡಂತೆ. ಹೊಣೆ ನಿಂತ ನೆರೆಯವನಿಗೆ ಅವನು ಮಾಡುವ ದ್ರೋಹವಂತೂ ಯಾವ ಕಲಮಿನ ಲೆಕ್ಕಕ್ಕೂ ಸಿಗುವಂಥದಲ್ಲ.

ಕಾವಲಿನವನ ಕೂಲಿಯನ್ನು ಇಂದು ಯಾರೂ ಕೇಳುವುದಿಲ್ಲ. ಆದರೆ ದಿನಗೂಲಿಯ ಮನುಷ್ಯನು ಹೊಣೆಯಿಲ್ಲದೆ ಒಳಗಿದ್ದ ಪ್ರತಿಯೊಂದು ದಿನಕ್ಕೂ ಅವನ ಮನೆಯ ಒಲೆ ಒಂದು ದಿನದ ಕೂಲಿಯನ್ನು ತೆರುತ್ತಲೇ ಇರುತ್ತದೆ. ಆದುದರಿಂದ ತಮ್ಮ ಓಣಿಯಲ್ಲಿ ಇಂಥ ಪ್ರಸಂಗ ಬಂದರೆ ಮೊದಲು ಎರಡು ಮಾತು ಕೇಳಿರಿ: ಅಪರಾಧ ಜಾಮೀನಿಗೆ ಅರ್ಹವಾದುದೇ? ಹಿಡಿದು ಎಷ್ಟು ದಿನವಾಯಿತು? ಒಂದು ವಾರ ಕಳೆದಿದ್ದರೆ ಸ್ವಂತ ಬಾಂಡಿನ ಮಾತನ್ನು ವಕೀಲರಿಗೆ ನೆನಪಿಸಿರಿ. ಕಳೆದಿಲ್ಲವಾದರೆ, ಮನುಷ್ಯನು ತಮಗೆ ಪರಿಚಿತನಾಗಿದ್ದು ನಂಬತಕ್ಕವನಾಗಿದ್ದರೆ, ಪಹಣಿಯನ್ನು ತೆಗೆದುಕೊಂಡು ಕಚೇರಿಗೆ ಹೋಗಿ ಬರಲು ಹಿಂದೆಮುಂದೆ ನೋಡಬೇಡಿರಿ.